ಸ್ವೀಡನ್ನಿನ 'ಗವರ್ನರ್' ಅಂದರೆ ನಮ್ಮ ಕಲೆಕ್ಟರಾ?

ಬದಿಯಡ್ಕದ ಮಾಷ್ಟ್ರು:
ನನ್ನ ತಂಗಿಯ ಮಗ ಸ್ವೀಡನ್ನಿನ ಲೂಲಿಯೋದಲ್ಲಿ ಓದುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಸ್ವೆನ್-ಎರಿಕ್ ಓಸ್ಟರ್‌ಬರ್ಗ್ ಅಂತ ಒಬ್ಬರ ಸುದ್ದಿ ಹೇಳಿದ. ಮೊದಲು ಮಂತ್ರಿ, ಆಮೇಲೆ ಅವನಿರುವ ನಾರ್‌ಬಾಟನ್ ಜಿಲ್ಲೆಗೆ ಗವರ್ನರ್ ಅಂತೆ. ಮಂತ್ರಿಯಾದವರು ಜಿಲ್ಲೆಗೆ ಇಳಿಯುವುದುಂಟಾ ಮಾರಾಯ್ರೇ? ಅದೂ ಓಟಿಗೆ ನಿಂತಾ?

ಮಂಜೇಶ್ವರದವ:
ಸೋತವರಿಗೆ ಕೊಡುವ ಕುರ್ಚಿ ಇರಬೇಕು. ನಮ್ಮ ರಾಜಭವನದ ಹಾಗೆ 😄

ಕುಂಬಳೆ ಟು ಸ್ಟಾಕ್‌ಹೋಮ್:
ಪೂರ್ತಿ ಸುಳ್ಳಲ್ಲ ಅಣ್ಣಾ! ಓಟಿಲ್ಲ ಮಾಷ್ಟ್ರೇ, ಸರಕಾರವೇ ನೇಮಿಸುತ್ತದೆ. ಮಾಜಿ ರಾಜಕಾರಣಿಗಳು ಆ ಹುದ್ದೆಗೆ ಬರುವುದು ಅಲ್ಲಿ ಮಾಮೂಲು. ಆದರೆ ಸುಮ್ನೆ ಕೂರುವ ಕೆಲಸ ಅಲ್ಲ. ಪರಿಸರದ ಪರವಾನಗಿ, ವಿಪತ್ತು ನಿರ್ವಹಣೆ, ಚುನಾವಣೆಯ ಕೊನೆಯ ಎಣಿಕೆ, ಎಲ್ಲ ಆ ಕಚೇರಿಯದ್ದೇ. ಆ ಮಟ್ಟಿಗೆ ಕಲೆಕ್ಟರ್. ಆಸ್ಪತ್ರೆ ನೋಡಿಕೊಳ್ಳುವುದು ಬೇರೆ, ಜನ ಆರಿಸಿದ 'ರೀಜನ್' ಎಂಬ ಪ್ರಾದೇಶಿಕ ಆಡಳಿತ.

ನಿಮ್ಮ ಓಸ್ಟರ್‌ಬರ್ಗ್ ಸೋಶಿಯಲ್ ಡೆಮಾಕ್ರಟ್ ಪಕ್ಷದವರು. 1994ರಲ್ಲಿ ಸಂಸತ್ತಿಗೆ, 2004ರಿಂದ 2006ರವರೆಗೆ ಸ್ಥಳೀಯಾಡಳಿತ ಮತ್ತು ಹಣಕಾಸು ಮಾರುಕಟ್ಟೆಯ ಮಂತ್ರಿ. ಗವರ್ನರ್ ಆಗಿ 2012ರಲ್ಲಿ ನಾರ್‌ಬಾಟನ್, 2018ರಲ್ಲಿ ಸ್ಟಾಕ್‌ಹೋಮ್. ನಾರ್‌ಬಾಟನ್ ಅಂದರೆ ದೇಶದ ಹತ್ತಿರ ಹತ್ತಿರ ಕಾಲು ಭಾಗ, ಸಣ್ಣ ಜಿಲ್ಲೆ ಅಂದುಕೊಳ್ಳಬೇಡಿ!

ನಮಗೆ ಹತ್ತಿರದ ವಿಷಯ ಬೇರೆಯೇ ಇದೆ. 1809ರಲ್ಲಿ, ಅಲ್ಲಿಯವರೆಗೆ ಸ್ವೀಡನ್ನಿನದ್ದಾಗಿದ್ದ ಫಿನ್‌ಲ್ಯಾಂಡ್ ರಷ್ಯಾದ ಪಾಲಾಯಿತು, ಟೋರ್ನೆ ಹೊಳೆಯೇ ಗಡಿಯಾಯಿತು. ಹೊಳೆಯ ಈಚೆ ಫಿನ್ನಿಶ್ ಮಾತಾಡುತ್ತಿದ್ದವರು ಸ್ವೀಡನ್ನಿನಲ್ಲೇ ಉಳಿದರು. ಮನೆ ಬದಲಾಗಲಿಲ್ಲ, ಗೆರೆ ಬದಲಾಯಿತು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಹಾಗೆ. ಅವರ ಮಾತಿಗೆ ಮಿಯೆನ್‌ಕಿಯೆಲಿ ಅಂತ ಹೆಸರು. ಒಂದು ಕಾಲಕ್ಕೆ ಶಾಲೆಯಲ್ಲಿ ಆಡಿದರೆ ಮಕ್ಕಳಿಗೆ ಶಿಕ್ಷೆ. 2000ದಲ್ಲಿ ಅಲ್ಪಸಂಖ್ಯಾತ ಭಾಷೆ ಅಂತ ಒಪ್ಪಿದರು. ಈಗ ಪಯಾಲ, ಹಾಪರಾಂಡದಂಥ ಕಡೆ ಕಚೇರಿಯಲ್ಲಿ ಅದೇ ಭಾಷೆ ಬಳಸುವ ಹಕ್ಕಿದೆ. ಆ ಕಾನೂನು ನಡೆಯುತ್ತಿದೆಯೋ ಇಲ್ಲವೋ ಅಂತ ನೋಡುವ ಹೊಣೆ ಯಾರದ್ದು ಗೊತ್ತಾ? ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಸಂಸತ್ತಿನ ಜೊತೆಗೆ ಸ್ಟಾಕ್‌ಹೋಮಿನ ಗವರ್ನರ್ ಕಚೇರಿಯದ್ದು.

ಬದಿಯಡ್ಕದ ಮಾಷ್ಟ್ರು:
ನೋಡುವವರು ಒಬ್ಬರಿದ್ದಾರಲ್ಲ, ಅದೇ ದೊಡ್ಡದು. ನಮಗೂ ಕೇರಳದ 1969ರ ಆಡಳಿತ ಭಾಷೆಯ ಕಾನೂನಿನಲ್ಲಿ ಕನ್ನಡದಲ್ಲಿ ಬರೆಯುವ ಹಕ್ಕುಂಟು. ಕಳೆದ ಮಳೆಗಾಲ ಒಂದು ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟೆ. ಜವಾಬು ಬಂತು, ಮಲಯಾಳದಲ್ಲಿ. ಓದಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕಾಯಿತು. ಮೂವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದವ ನಾನು!

ಅಳಿಯನಿಗೆ ಹೇಳುತ್ತೇನೆ, ರಜೆಯಲ್ಲಿ ಪಯಾಲಕ್ಕೆ ಹೋಗಿ ಅಲ್ಲಿನ ಕಚೇರಿಯ ಬೋರ್ಡಿನ ಫೋಟೊ ಕಳಿಸು ಅಂತ.