‘ತೇಲು’, ‘ಮುಳುಗು’: ನಡುವಿನ ನೆಲೆಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ನನ್ನ ಅಕ್ಕನ ಮಗ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಕಲಿಯುತ್ತಿದ್ದಾನೆ. ಹೊಸಬರಿಗೆಂದು ಸುರಕ್ಷತೆಯ ಟಿಪ್ಪಣಿ ಬರೆದು, “ಮಾಮ, ಕನ್ನಡ ತಿದ್ದಿಕೊಡಿ” ಎಂದು ಕಳಿಸಿದ. ‘ಧನಾತ್ಮಕ ಪ್ಲವನತೆ, ಋಣಾತ್ಮಕ ಪ್ಲವನತೆ, ತಟಸ್ಥ ಪ್ಲವನತೆ’ ಎಂದು ಶುರು. ದೋಣಿಯಲ್ಲಿ ಕೂತು ಇದನ್ನು ಓದಿದವನು ನೀರಿಗಿಳಿಯದೆ ಮನೆಗೆ ಹೋದಾನು.

ಸರಿ, ‘ತೇಲು, ಮುಳುಗು’ ಎಂದೇ ಬರೆಯೋಣ ಎಂದುಕೊಂಡೆ. ಅಲ್ಲಿ ಬೇರೆ ತೊಡಕು. ಪತ್ರಿಕೆಗಳಲ್ಲಿ ‘ಮುಳುಗು ತಜ್ಞರು’ ಹುಡುಕಾಡುತ್ತಾರೆ, ಅದೇ ಸುದ್ದಿಯಲ್ಲಿ ಯಾರೋ ‘ಮುಳುಗಿ’ ಸತ್ತಿರುತ್ತಾರೆ. ಬೇಕೆಂದು ಇಳಿಯುವುದಕ್ಕೂ ಕೈಮೀರಿ ಹೋಗುವುದಕ್ಕೂ ಒಂದೇ ಮಾತು. ಮೊದಲನೆಯದಕ್ಕೆ ‘ಇಳಿ’ ಎಂದು ತಿದ್ದಿದ್ದೇನೆ.

‘ತೂಕ ಹೆಚ್ಚಾದರೆ ಮುಳುಗುತ್ತೀರಿ’ ಎಂಬ ಅವನ ಸಾಲು ಅರ್ಧ ಮಾತ್ರ ನಿಜವಂತೆ. ಸೊಂಟಕ್ಕೆ ಸೀಸದ ಬಟ್ಟು ಹೆಚ್ಚಾದಷ್ಟೂ ಅದನ್ನು ಸರಿದೂಗಿಸಲು ಮೈಮೇಲಿನ ಗಾಳಿ ತುಂಬುವ ಜಾಕೆಟ್ಟಿಗೆ ಗಾಳಿ ಹೆಚ್ಚು ತುಂಬಬೇಕು. 10 ಮೀಟರ್ ಆಳದಲ್ಲಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಸಮಯಕ್ಕೆ ಗಾಳಿ ಬಿಡದಿದ್ದರೆ ಆ ಭಾರ ಹೊತ್ತವನೇ ಬುಳಕ್ಕನೆ ಮೇಲೆದ್ದುಬಿಡುತ್ತಾನೆ. ಅಪಾಯ ಅಲ್ಲೇ ಇರುವುದು. ಈಜು ಕಲಿಯುವಾಗ ನಾವು ಬೆನ್ನಿಗೆ ಕಟ್ಟುತ್ತಿದ್ದ ಬೆಂಡು ತಾನಾಗಿ ಊದಿಕೊಂಡಂತೆ!

ಇನ್ನು ಆ ಮೂರನೆಯ ಸ್ಥಿತಿ, ಮೇಲಕ್ಕೂ ಏರದೆ ಕೆಳಕ್ಕೂ ಜಾರದೆ ನೀರಿನ ನಡುವೆ ನಿಲ್ಲುವುದು. ಮೋಡ ಆಕಾಶದಲ್ಲಿ ‘ತೇಲುತ್ತದೆ’ ಎನ್ನುತ್ತೇವಲ್ಲ, ಅದನ್ನೇ ಬಳಸಬಹುದಿತ್ತು. ಆದರೆ ನೀರಿನ ವಿಷಯಕ್ಕೆ ಬಂದರೆ ತೇಲುವುದೆಂದರೆ ಮೇಲೆ ಕಾಣುವುದು. ‘5 ಮೀಟರ್ ಆಳದಲ್ಲಿ 3 ನಿಮಿಷ ತೇಲುತ್ತಿರಿ’ ಎಂದರೆ ಓದುವವನಿಗೆ ಗೊಂದಲ.

ನನಗೆ ಹೊಳೆದದ್ದು ‘ತೂಗು’. ತಕ್ಕಡಿಯಲ್ಲಿ ತೂಗುವುದೂ ಅದೇ, ತೊಟ್ಟಿಲು ತೂಗುವುದೂ ಅದೇ, ತೂಗುಸೇತುವೆಯೂ ಅದೇ. ತೂಕ ಸರಿಹೊಂದುವುದು, ಆಧಾರವಿಲ್ಲದೆ ನಡುವೆ ನಿಲ್ಲುವುದು, ಎರಡೂ ಒಂದೇ ಧಾತುವಿನಲ್ಲಿ ಸಿಕ್ಕಿದವು. ಹಾಗಾಗಿ ‘ತೂಗುನೆಲೆ’ ಎಂದು ಬರೆದು ನೋಡಿದೆ: ‘ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ನೀರಿನ ಮೇಲೆ ಅಲುಗಾಡದೆ, ಒಂದು ಸಾಧಾರಣ ಉಸಿರು ಹಿಡಿದು ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬಂದು, ಉಸಿರು ಬಿಟ್ಟಾಗ ಮೆಲ್ಲನೆ ಇಳಿದರೆ ತೂಗುನೆಲೆ ಹತ್ತಿರವಿದೆ.’ (ಉಸಿರು ಹಿಡಿಯುವುದು ಈ ಪರೀಕ್ಷೆಗೆ ಮಾತ್ರ; ಆಳದಲ್ಲಿ ಎಂದೂ ಕೂಡದು.) ಸಿಲಿಂಡರ್ ತುಂಬಿರುವಾಗ ನೋಡಿದ ಲೆಕ್ಕ ಕೊನೆಗೆ ಕೆಡುತ್ತದೆ. 11 ಲೀಟರಿನ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಾಗ ಸುಮಾರು 2 ಕಿಲೋ ಗಾಳಿ ಖರ್ಚಾಗಿ, ಅಷ್ಟು ಹಗುರಾಗಿರುತ್ತದೆ. ಗಾಳಿಗೂ ತೂಕವಿದೆ ಎಂಬುದು ನನಗಂತೂ ಇಲ್ಲೇ ಮನದಟ್ಟಾಯಿತು.

ಹುಡುಗನಿಗೆ ಪದ ಹಿಡಿಸಿಲ್ಲ. “ತೂಗುನೆಲೆ ಅಂದ್ರೆ ತೂಗುಯ್ಯಾಲೆ ಥರ ಆಡೋದು ಅನ್ಕೋತಾರೆ, ನಾವು ಹೇಳೋದು ಅಲ್ಲಾಡಬೇಡಿ ಅಂತ” ಎನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. ‘ಸಮತೂಕ’ ಎಂದರೆ ಸಾಕೇ? ಅದರಲ್ಲಿ ನೀರೇ ಇಲ್ಲವಲ್ಲ ಎಂಬುದು ನನ್ನ ತಕರಾರು.

ಕರಾವಳಿಯವರನ್ನು ಮುಖ್ಯವಾಗಿ ಕೇಳುವುದು: ಬಲೆಯ ಮೇಲಂಚಿಗೆ ಬೆಂಡು, ಕೆಳಂಚಿಗೆ ಸೀಸದ ಗುಂಡು ಕಟ್ಟಿ ಅದನ್ನು ನಡುನೀರಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ ನಿಂತ ಬಲೆಗೆ ನಿಮ್ಮ ಕಡೆ ಏನಾದರೂ ಮಾತಿದೆಯೇ?