ಮೂರನೇ ಕ್ರಾಸ್ ಕಾವೇರಿ ನೀರಿನಲ್ಲಿ ಚರಂಡಿ ವಾಸನೆ: ಯಾರ್ಯಾರ ಮನೆಯಲ್ಲಿದೆ?

ಮೂಲೆ ಮನೆ, 3ನೇ ಕ್ರಾಸ್: ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ನಮ್ಮ ಕಾವೇರಿ ನಲ್ಲಿಯಲ್ಲಿ ವಾಸನೆ. ನೀರು ಬಿಟ್ಟಾಗ ಮೊದಲು ಸ್ವಲ್ಪ ಹೊತ್ತು ಕಲಗಚ್ಚಿನ ಬಣ್ಣ, ಆಮೇಲೆ ತಿಳಿಯಾಗುತ್ತದೆ. ಮಗನಿಗೆ ವಾಂತಿ ಭೇದಿ ಶುರುವಾಗಿದೆ. ಬೇರೆ ಯಾರಿಗಾದರೂ ಹೀಗಾಗಿದೆಯಾ? ಮನೆ ನಂಬರ್ ಸಮೇತ ತಿಳಿಸಿ.

ಟೈಲರ್ ಅಂಗಡಿ ಮೇಲಿನ ಮನೆ: ನಮ್ಮಲ್ಲೂ ಇದೇ ಕಥೆ. ಸುಮ್ನೆ ಸಂಪ್ ತೊಳೆಸಿದೆವು, ದುಡ್ಡು ದಂಡ. ಮುಂದಿನ ಸರದಿಗೆ ಮತ್ತೆ ನಾತ.

ಪಾರ್ಕ್ ಎದುರು ಮನೆ: ನಮ್ಮ ಕಡೆ ಏನೂ ಇಲ್ಲ.

16ನೇ ನಂಬರ್, ಎಂಜಿನಿಯರ್: ಮೊದಲು ಮಾತ್ರ ವಾಸನೆ ಬರುತ್ತದೆ ಅಂದರಲ್ಲ, ಅದೇ ಸುಳಿವು. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಪಂಪ್ ಆಗಿ ಬರುತ್ತದೆ. ಕೆಟ್ಟಿರುವುದು ನಮ್ಮ ಬೀದಿಯಲ್ಲೇ. ಇಲ್ಲದಿದ್ದರೆ ಪಾರ್ಕ್ ಕಡೆಯೂ ವಾಸನೆ ಇರಬೇಕಿತ್ತು. ದಿನ ಬಿಟ್ಟು ದಿನ ನೀರು ಬಿಡುವಾಗ ನಡುವೆ ಪೈಪ್ ಖಾಲಿ ಇರುತ್ತದೆ, ಒಳಗೆ ಒತ್ತಡ ಇರುವುದಿಲ್ಲ. ಎಲ್ಲೋ ಜಾಯಿಂಟ್ ಸಡಿಲವಾಗಿದ್ದರೆ, ಪಕ್ಕದ ಸ್ಯಾನಿಟರಿ (ಒಳಚರಂಡಿ) ಲೈನ್‌ನಿಂದ ಜಿನುಗಿದ ಕೊಳಚೆ ಒಳಗೆ ಸೇರುತ್ತದೆ. ಲೈನ್‌ಗೇ ಮೋಟಾರ್ ಹಾಕಿ ಎಳೆಯುವವರು ಇದ್ದರೆ ಇನ್ನೂ ಜಾಸ್ತಿ. ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕಾಯಿತು.

21ನೇ ನಂಬರ್: ನೀರು ಮೇಲೆ ಏರುವುದೇ ಇಲ್ಲ ಸಾರ್, ಮೋಟಾರ್ ಹಾಕದೆ ಏನು ಮಾಡೋಣ?

16ನೇ ನಂಬರ್, ಎಂಜಿನಿಯರ್: ನಿಮ್ಮ ಕಷ್ಟ ಗೊತ್ತು. ಆದರೂ ಲೈನ್ ಸರಿಯಾಗುವ ತನಕ ನಿಲ್ಲಿಸಿ. ನೀರು ತಾನಾಗಿ ಸಂಪ್‌ಗೆ ಬೀಳಲಿ, ಅಲ್ಲಿಂದ ಮೇಲಕ್ಕೆ ಎತ್ತಿಕೊಳ್ಳಿ.

ಹಳೇ ನಿವಾಸಿ, 2ನೇ ಕ್ರಾಸ್: 1890ರ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ತಂದರು, ಆಮೇಲೆ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿ ನದಿಯ ನೀರೇ. ಹತ್ತಿರದ ಆ ನದಿಯನ್ನು ಕೆಡಿಸಿಕೊಂಡು ಕಾವೇರಿಗೆ ಹೋದೆವು. ಇನ್ನು ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿದ ಊರಿದು!

ಅಡ್ಮಿನ್: ಸಾರ್, ಕೆರೆ ವಿಷಯ ಭಾನುವಾರ ಮಾತಾಡೋಣ. ಈಗ ಪೈಪ್.

ಬಾಡಿಗೆ ಮನೆ, 9ನೇ ನಂಬರ್: ಅಲ್ಲಿಯವರೆಗೆ ಬೋರ್‌ವೆಲ್ ನೀರು ಕಾಯಿಸಿ ಕುಡಿದರೆ ಆಗುತ್ತಲ್ವಾ? ಟ್ಯಾಂಕರ್ ನಮಗೆ ದುಬಾರಿ.

ಲ್ಯಾಬ್ ಅಕ್ಕ, 4ನೇ ಕ್ರಾಸ್: ಕಾಯಿಸಿದರೆ ರೋಗಾಣು ಸಾಯುತ್ತವೆ, ಆದರೆ ನೀರಿನಲ್ಲಿ ಕರಗಿರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೊಳಚೆ ಇಂಗುವ ಜಾಗದ ಬೋರ್‌ಗಳಲ್ಲಿ ಇದು ಮಾಮೂಲಿ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಟೆಸ್ಟ್ ಆಗುವವರೆಗೆ ಕೂಸುಗಳಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ. ಮೂಲೆ ಮನೆಯವರೇ, ಮಗನಿಗೆ ಓಆರ್‌ಎಸ್ ಕೊಡುತ್ತಿರಿ. ಡಾಕ್ಟರಿಗೆ ನೀರಿನ ವಿಷಯವನ್ನೂ ಹೇಳಿ.

ಮೂಲೆ ಮನೆ, 3ನೇ ಕ್ರಾಸ್: ಸರಿ ಅಕ್ಕ. ಟೆಸ್ಟ್‌ಗೆ ಕಾವೇರಿ ನಲ್ಲಿಯ ಸ್ಯಾಂಪಲ್ ನಾನೇ ಹಿಡಿಯುತ್ತೇನೆ. ಬಿಸ್ಲೇರಿ ಬಾಟಲ್ ನಡೆಯುತ್ತಾ?

ಲ್ಯಾಬ್ ಅಕ್ಕ, 4ನೇ ಕ್ರಾಸ್: ಬೇಡ. ಲ್ಯಾಬ್‌ನಿಂದ ಬಾಟಲ್ ತಂದುಕೊಡುತ್ತೇನೆ. ಒಳಗೆ ಕ್ಲೋರಿನ್ ತಡೆಯುವ ಪುಡಿ ಇರುತ್ತದೆ, ತೊಳೆಯಬೇಡಿ. ಓವರ್‌ಹೆಡ್ ಟ್ಯಾಂಕ್ ನೀರು ಹಿಡಿದರೆ ಪ್ರಯೋಜನವಿಲ್ಲ, ನಿಮ್ಮ ಟ್ಯಾಂಕೇ ಸರಿಯಿಲ್ಲ ಎಂದು ಜಲಮಂಡಳಿಯವರು ವಾಪಸ್ ಕಳಿಸುತ್ತಾರೆ. ಸಂಪ್‌ಗೆ ಬೀಳುವ ಮೊದಲೇ, ನೇರ ಲೈನ್‌ನಿಂದ ಹಿಡಿಯಿರಿ. ನೀರು ಬಿಟ್ಟ ತಕ್ಷಣ ಒಂದು, ತಿಳಿಯಾದ ಮೇಲೆ ಇನ್ನೊಂದು. ಐಸ್ ಇಟ್ಟು ಅದೇ ಬೆಳಿಗ್ಗೆ ಕೊಡಬೇಕು. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಕೂಡ ಇರಬಾರದು ಎನ್ನುವುದು ನಿಯಮ.

16ನೇ ನಂಬರ್, ಎಂಜಿನಿಯರ್: ನೀರಿನ ಕ್ಲೋರಿನ್ ಅಳೆಯುವ ಕಿಟ್ ನನ್ನ ಹತ್ತಿರ ಇದೆ. ಪಾರ್ಕ್ ಕಡೆಯಿಂದ ಮನೆಮನೆಗೂ ನೋಡುತ್ತಾ ಬರುತ್ತೇನೆ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು, ಕೊಳಚೆ ಸೇರಿದರೆ ಅದು ಖರ್ಚಾಗಿಬಿಡುತ್ತದೆ. ಯಾವ ಎರಡು ಮನೆಗಳ ನಡುವೆ ಅದು ಕಾಣೆಯಾಗುತ್ತದೋ ಅಲ್ಲೇ ಅಗೆಯಲು ಕೇಳೋಣ. ಕೇಬಲ್‌ನವರು ಅಗೆದು ಮುಚ್ಚಿದ ಜಾಗದ ಮೇಲೆ ನನಗೆ ಅನುಮಾನ.

ಅಡ್ಮಿನ್: ಜಲಮಂಡಳಿಯ 1916ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಒಂದೇ ದೂರು ಸಾಲದು, ವಾಸನೆ ಬರುವ ಪ್ರತಿ ಮನೆಯವರೂ ಮಾಡಿ ದೂರಿನ ನಂಬರ್ ಇಲ್ಲಿ ಹಾಕಿ. ಅರ್ಜಿ ಟೈಲರ್ ಅಂಗಡಿಯಲ್ಲಿ ಇಟ್ಟಿರುತ್ತೇನೆ, ಸಹಿ ಜೊತೆ ನೀರಿನ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬರೆಯಿರಿ.

21ನೇ ನಂಬರ್: ಆಯ್ತು, ನಾಳೆ ಮೋಟಾರ್ ಹಾಕುವುದಿಲ್ಲ. ಸಾರ್, ಕಿಟ್ ಹಿಡಿದು ಬರುವಾಗ ಬೆಲ್ ಮಾಡಿ, ನಾನೂ ಜೊತೆಗೆ ಬರುತ್ತೇನೆ.