ಘಟ್ಟದ ರೈಲಿನಲ್ಲಿ ಫೋನ್ ಆನ್ ಇದ್ದರೂ ‘ಸ್ವಿಚ್ ಆಫ್’ ಅಂತ ಬರುವುದೇಕೆ? ಪ್ರತಿ ಟವರೂ ಸಿಮ್ ಪರೀಕ್ಷಿಸುತ್ತದೆಯೇ?

ಘಟ್ಟದ ಗಾಡಿ:
ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಟ್ಟದ ಹಳಿ, 57 ಸುರಂಗ. ಆ ರೈಲಿನಲ್ಲಿರುವವರಿಗೆ ಕರೆ ಮಾಡಿದರೆ ಮೊದಮೊದಲು ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಕೇಳಿಸುತ್ತದೆ. ಬಹಳ ಹೊತ್ತು ಸಿಗ್ನಲ್ ಸಿಗದಿದ್ದರೆ ಅದೇ ನಂಬರಿಗೆ ‘ಸ್ವಿಚ್ ಆಫ್’ ಅಂತ ಬರುತ್ತದೆ. ಫೋನನ್ನು ಯಾರೂ ಆಫ್ ಮಾಡಿರುವುದಿಲ್ಲ. ಈ ಎರಡರ ನಡುವೆ ನೆಟ್‌ವರ್ಕಿನ ಒಳಗೆ ಏನು ಬದಲಾಗುತ್ತದೆ? ಘಟ್ಟ ಇಳಿದ ಮೇಲೆ ಕೆಲವು ಫೋನುಗಳಲ್ಲಿ ಕಡ್ಡಿಗಳು ಪೂರ್ತಿ ಇದ್ದರೂ ಹತ್ತು ನಿಮಿಷ ಕರೆ ಬರುವುದಿಲ್ಲ, ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ತಕ್ಷಣ ಸರಿಹೋಗುತ್ತದೆ. ಅದು ಯಾಕೆ? ಇನ್ನೊಂದು ಸಂದೇಹ: ಓಡುವ ರೈಲಿನಲ್ಲಿ ಪ್ರತಿ ಟವರೂ ಸಿಮ್ ಅಸಲಿಯೋ ನಕಲಿಯೋ ಅಂತ ಹೊಸದಾಗಿ ನೋಡುತ್ತದೆಯೇ? ಕೇಳುತ್ತಿರುವುದು 4ಜಿ ಬಗ್ಗೆ.

ಕೋರ್ ಕಡೆಯಿಂದ:
ಫೋನು ಸುಮ್ಮನೆ ಜೇಬಿನಲ್ಲಿರುವಾಗ ಅದು ಯಾವ ಟವರಿನ ಕೆಳಗಿದೆ ಅನ್ನುವುದು ನೆಟ್‌ವರ್ಕಿಗೆ ಗೊತ್ತಿರುವುದೇ ಇಲ್ಲ. ಕರೆ ಅಥವಾ ಡೇಟಾ ನಡೆಯುತ್ತಿರುವಾಗ ಮಾತ್ರ ಟವರು ನಿಖರವಾಗಿ ಗೊತ್ತು.

ಸುಮ್ಮನಿರುವಾಗ ಟವರು ಆರಿಸಿಕೊಳ್ಳುವುದು ಫೋನಿನ ಕೆಲಸ. ಹಲವು ಟವರುಗಳು ಸೇರಿ ಒಂದು ಟ್ರ್ಯಾಕಿಂಗ್ ಏರಿಯಾ. ಎಂಎಂಇ (ಯಾವ ಫೋನು ಎಲ್ಲಿದೆ ಅನ್ನುವ ದಾಖಲೆ ಇಡುವ, ನೆಟ್‌ವರ್ಕಿನ ನಡುವಿನ ಯಂತ್ರ) ಫೋನಿಗೆ ಹೆಚ್ಚೆಂದರೆ 16 ಏರಿಯಾಗಳ ಪಟ್ಟಿ ಕೊಟ್ಟಿರುತ್ತದೆ. ಪ್ರತಿ ಟವರೂ ತನ್ನ ಏರಿಯಾ ಸಂಖ್ಯೆಯನ್ನು ಪ್ರಸಾರ ಮಾಡುತ್ತಲೇ ಇರುತ್ತದೆ. ಅದು ಪಟ್ಟಿಯಲ್ಲಿದ್ದರೆ ಫೋನು ತುಟಿ ಬಿಚ್ಚುವುದಿಲ್ಲ, ಇಲ್ಲದಿದ್ದರೆ ಮಾತ್ರ ‘ಇಲ್ಲಿಗೆ ಬಂದಿದ್ದೇನೆ’ ಎಂದು ಟಿಎಯು (ಟ್ರ್ಯಾಕಿಂಗ್ ಏರಿಯಾ ಅಪ್‌ಡೇಟ್) ಸಂದೇಶ ಕಳಿಸುತ್ತದೆ. ಸೆಲ್ ಮಾಹಿತಿ ತೋರಿಸುವ ಯಾವುದಾದರೂ ಆ್ಯಪ್ ತೆರೆದಿಟ್ಟು ಪ್ರಯಾಣಿಸಿ: ಸೆಲ್ ಐಡಿ ಬದಲಾಗುತ್ತಲೇ ಇರುತ್ತದೆ, ಟಿಎಸಿ, ಅಂದರೆ ಆ ಏರಿಯಾ ಸಂಖ್ಯೆ, ಬದಲಾಗುವುದು ಅಪರೂಪ.

ಪಟ್ಟಿಯೊಳಗೇ ಇದ್ದರೂ ಆಗಾಗ ಹಾಜರಿ ಹಾಕಲೇಬೇಕು. ಅದರ ಗಡಿಯಾರ ಟಿ3412, ರೂಢಿಯ ಬೆಲೆ 54 ನಿಮಿಷ (ಕಂಪನಿ ಬದಲಿಸಿರಬಹುದು). ಎಂಎಂಇ ತನ್ನ ಕಡೆ ಇದಕ್ಕಿಂತ 4 ನಿಮಿಷ ಹೆಚ್ಚಿಟ್ಟುಕೊಂಡು, ಅಂದರೆ 58 ನಿಮಿಷ, ಕಾಯುತ್ತದೆ. ಎರಡೂ ಎಣಿಕೆ ಶುರುವಾಗುವುದು ಕೊನೆಯ ಸಂಪರ್ಕ ಮುಗಿದ ಕ್ಷಣದಿಂದ, ಸಿಗ್ನಲ್ ಹೋದ ಕ್ಷಣದಿಂದಲ್ಲ. ಹಾಗಾಗಿ ಒಂದೇ ಬೋಗಿಯ ಎರಡು ಫೋನುಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೀಗಾಗುತ್ತದೆ.

ಈಗ ನಿಮ್ಮ ಎರಡು ಉತ್ತರಗಳು. ಆ 58 ನಿಮಿಷದೊಳಗೆ ಕರೆ ಬಂದರೆ ಪಟ್ಟಿಯ ಟವರುಗಳಿಂದ ಪೇಜಿಂಗ್ (ಫೋನನ್ನು ಹುಡುಕುವ ಕೂಗು) ಹೋಗುತ್ತದೆ, ಸುರಂಗದೊಳಗಿನ ಫೋನು ಓಗೊಡುವುದಿಲ್ಲ: ‘ವ್ಯಾಪ್ತಿಯ ಹೊರಗೆ’. ಗಡುವು ಮುಗಿದರೆ ಎಂಎಂಇ ಪೇಜಿಂಗನ್ನೇ ನಿಲ್ಲಿಸಿ, ಇನ್ನಷ್ಟು ಕಾದು, ತಾನೇ ಹೆಸರು ಹೊಡೆದುಹಾಕುತ್ತದೆ. ಬಟನ್ ಒತ್ತಿ ಆಫ್ ಮಾಡಿದಾಗಲೂ ದಾಖಲೆಯ ಸ್ಥಿತಿ ಇದೇ, ಏಕೆಂದರೆ ಫೋನು ಹೊರಡುವ ಮುನ್ನ ‘ಡಿಟ್ಯಾಚ್’ ಹೇಳಿ ಹೋಗಿರುತ್ತದೆ. ಬ್ಯಾಟರಿಯನ್ನು ಸಟ್ಟನೆ ಕಿತ್ತರೆ ಇದು ತಿರುಗುಮುರುಗು: ಫೋನ್ ಸತ್ತಿದ್ದರೂ ಸ್ವಲ್ಪ ಹೊತ್ತು ‘ವ್ಯಾಪ್ತಿಯ ಹೊರಗೆ’ ಅಂತಲೇ ಕೇಳಿಸುತ್ತದೆ. ಯಾವ ಸ್ಥಿತಿಗೆ ಯಾವ ಧ್ವನಿ ಅನ್ನುವುದು ಆಯಾ ಕಂಪನಿಯ ತೀರ್ಮಾನ. ಈ ಧ್ವನಿಯನ್ನು ನಂಬಿ ಒಬ್ಬರ ಮೇಲೆ ‘ಬೇಕಂತಲೇ ಆಫ್ ಮಾಡಿದ್ದಾರೆ’ ಎಂದು ತೀರ್ಪು ಕೊಡಬೇಡಿ.

ಘಟ್ಟ ಇಳಿದ ಮೇಲಿನ ಕಥೆ: ಫೋನು ಟಿಎಯು ಕಳಿಸಿದರೆ ಎಂಎಂಇ ಕಾರಣ 10 ಕೊಟ್ಟು, ಅಂದರೆ ‘ನಿನ್ನ ಹೆಸರು ತೆಗೆದಾಗಿದೆ’ ಎಂದು, ತಿರಸ್ಕರಿಸುತ್ತದೆ. ಆಗ ಮೊದಲಿನಿಂದ ಅಟ್ಯಾಚ್, ಅಂದರೆ ಹೊಸದಾಗಿ ನೋಂದಣಿ. ಫೋನು ಉತ್ತರಕ್ಕೆ 15 ಸೆಕೆಂಡು ಕಾಯುತ್ತದೆ, ಬರದಿದ್ದರೆ 10 ಸೆಕೆಂಡು ಬಿಟ್ಟು ಮತ್ತೆ ಯತ್ನ. ಸುರಂಗಗಳ ನಡುವಿನ ಹರಕು ಸಿಗ್ನಲ್ಲಿನಲ್ಲಿ ಐದು ಯತ್ನಗಳೂ ಮುಗಿದರೆ ಟಿ3402 ಎಂಬ ಇನ್ನೊಂದು ಗಡಿಯಾರ ಹೊತ್ತಿಕೊಳ್ಳುತ್ತದೆ: ರೂಢಿಯ ಬೆಲೆ 12 ನಿಮಿಷ, ಅಲ್ಲಿಯ ತನಕ ಮತ್ತೆ ಯತ್ನವಿಲ್ಲ. ಕಡ್ಡಿಗಳು ಟವರಿನ ಪ್ರಸಾರದ ಬಲ ತೋರಿಸುತ್ತವೆಯೇ ಹೊರತು ನೋಂದಣಿಯನ್ನಲ್ಲ. ಏರ್‌ಪ್ಲೇನ್ ಮೋಡ್ ಈ ಎಣಿಕೆಯನ್ನು ಸೊನ್ನೆ ಮಾಡುತ್ತದೆ, ಅಷ್ಟೇ.

ಮಿಲೆನಾಜ್:
ಸಿಮ್ ಭಾಗ ನಾನು ಹೇಳುತ್ತೇನೆ. ಪ್ರತಿ ಟವರೂ ಪರೀಕ್ಷಿಸುವುದಿಲ್ಲ. ಟವರಿನ ಬಳಿ ಗುಟ್ಟಿನ ಕೀಲಿಯೇ ಇಲ್ಲ. 128 ಬಿಟ್‌ನ ಆ ಕೀಲಿ ಇರುವುದು ಎರಡೇ ಕಡೆ, ಸಿಮ್ಮಿನ ಒಳಗೆ ಮತ್ತು ಕಂಪನಿಯ ಎಚ್‌ಎಸ್‌ಎಸ್‌ನಲ್ಲಿ (ಗ್ರಾಹಕರ ದಾಖಲೆಗಳ ಭಂಡಾರ). ಎರಡರಿಂದಲೂ ಅದು ಹೊರಬರುವುದಿಲ್ಲ.

ಎಚ್‌ಎಸ್‌ಎಸ್ 128 ಬಿಟ್‌ನ ಯಾದೃಚ್ಛಿಕ ಸಂಖ್ಯೆಯೊಂದನ್ನೂ ಜೊತೆಗೆ ಆಟನ್ ಎಂಬ ತುಂಡನ್ನೂ ಎಂಎಂಇ ಮೂಲಕ ಕಳಿಸುತ್ತದೆ. ಮೊದಲು ಸಿಮ್ಮೇ ನೆಟ್‌ವರ್ಕನ್ನು ಪರೀಕ್ಷಿಸುತ್ತದೆ: ಆಟನ್‌ನ 64 ಬಿಟ್ ಮುದ್ರೆ ಸರಿಯಿದೆಯೇ, ಒಳಗಿನ ಕ್ರಮಸಂಖ್ಯೆ ಹೊಸದೇ? ಎರಡೂ ಸರಿಯಿದ್ದರೆ ಮಾತ್ರ ಉತ್ತರ ಕೊಡುತ್ತದೆ. ಇದರಿಂದ ಹುಟ್ಟುವ 256 ಬಿಟ್‌ನ ಕೀಲಿಗೆ ನೆಟ್‌ವರ್ಕಿನ ಗುರುತೂ ಬೆರೆತಿರುತ್ತದೆ, ಬೇರೆ ನೆಟ್‌ವರ್ಕಿನಲ್ಲಿ ಅದು ನಡೆಯದು. ಆಮೇಲಿನ ಟಿಎಯುಗಳಿಗೆ ಅದೇ ಕೀಲಿಯಿಂದ ಬಂದ ಸಹಿ ಸಾಕು. ಹೊಸ ಎಂಎಂಇ ಬಂದರೂ ಅದು ಸಂದೇಶವನ್ನು ಹಳೆಯದಕ್ಕೆ ಕಳಿಸಿ ಸಹಿ ನೋಡಿಸಿಕೊಳ್ಳುತ್ತದೆ. ಕರೆಯ ನಡುವೆ ಟವರು ಬದಲಾದಾಗಲೂ ಸಿಮ್ಮನ್ನು ಕೇಳುವುದಿಲ್ಲ, ಇರುವ ಕೀಲಿಯಿಂದಲೇ ಮುಂದಿನ ಟವರಿನ ಕೀಲಿ ಹುಟ್ಟುತ್ತದೆ. ಪೂರ್ತಿ ಪರೀಕ್ಷೆ ಎಷ್ಟು ಸಲಕ್ಕೊಮ್ಮೆ ಅನ್ನುವುದು ಕಂಪನಿಯ ನೀತಿ.

ಗಾಳಿಯಲ್ಲಿ ಸಾಮಾನ್ಯವಾಗಿ ಓಡಾಡುವುದು ಗುಟಿ ಎಂಬ ತಾತ್ಕಾಲಿಕ ಹೆಸರು. ಎಂಎಂಇಗೆ ಆ ಗುಟಿ ಗುರುತು ಸಿಗದಿದ್ದರೆ 4ಜಿಯಲ್ಲಿ ಫೋನು ತನ್ನ ಐಎಂಎಸ್‌ಐಯನ್ನು (ಸಿಮ್ಮಿನ ಕಾಯಂ ಗುರುತಿನ ಸಂಖ್ಯೆ) ಬಿಚ್ಚುರೂಪದಲ್ಲೇ ಹೇಳಬೇಕಾಗುತ್ತದೆ (40445ರಿಂದ ಶುರುವಾದರೆ ಏರ್‌ಟೆಲ್ ಕರ್ನಾಟಕ, 40471 ಆದರೆ ಬಿಎಸ್‌ಎನ್‌ಎಲ್ ಕರ್ನಾಟಕ). ನಕಲಿ ಟವರುಗಳು ಹಿಡಿಯುವುದು ಇದನ್ನೇ. 5ಜಿಯಲ್ಲಿ ಇದನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ ಇದೆ. ಆದರೆ 4ಜಿ ಕೋರ್ ಮೇಲೆ ನಿಂತ 5ಜಿಯಲ್ಲಿ ಆ ರಕ್ಷಣೆ ಇಲ್ಲ. 2ಜಿಯಲ್ಲಂತೂ ಸಿಮ್ಮು ನೆಟ್‌ವರ್ಕನ್ನು ಪರೀಕ್ಷಿಸುವುದೇ ಇಲ್ಲ. ಫೋನಿನಲ್ಲಿ 2ಜಿ ನಿಲ್ಲಿಸುವ ಆಯ್ಕೆ ಇದ್ದು, ನಿಮ್ಮೂರಲ್ಲಿ 4ಜಿ ಚೆನ್ನಾಗಿದ್ದರೆ ನಿಲ್ಲಿಸಿ. ಘಟ್ಟದಲ್ಲಿ 2ಜಿಯೊಂದೇ ಸಿಗುವ ಜಾಗ ದಾಟುವಾಗ ಮತ್ತೆ ಹಾಕಿಕೊಳ್ಳಿ.

ಘಟ್ಟದ ಗಾಡಿ:
ಇಬ್ಬರಿಗೂ ಧನ್ಯವಾದ. ಕ್ರಮಸಂಖ್ಯೆ ಹೊಸದೇ ಇರಬೇಕು ಅಂದಿರಿ. 4ಜಿ, 2ಜಿ ಅಂತ ಫೋನು ಆಚೀಚೆ ಹೋಗುತ್ತಿದ್ದರೆ ಎರಡು ಕಡೆಯ ಸಂಖ್ಯೆಗಳು ಹಿಂದುಮುಂದಾಗುವುದಿಲ್ಲವೇ?

ಮಿಲೆನಾಜ್:
3ಜಿ, 4ಜಿ ನಡುವೆ ಅದು ಆಗುವಂಥದ್ದೇ. ಹಳೆಯ 2ಜಿ ಪರೀಕ್ಷೆಯಲ್ಲಿ ಕ್ರಮಸಂಖ್ಯೆಯೇ ಇಲ್ಲ. 48 ಬಿಟ್‌ನ ಸಂಖ್ಯೆಯಲ್ಲಿ ಕೊನೆಯ 5 ಬಿಟ್ ಖಾನೆಯ ನಂಬರು ಎಂದು ಇಟ್ಟುಕೊಳ್ಳುವುದು ರೂಢಿ. ಸಿಮ್ಮಿನಲ್ಲಿ 32 ಖಾನೆ, ಒಂದೊಂದರಲ್ಲೂ ಬೇರೆ ಬೇರೆ ಎಣಿಕೆ. ಹಾಗಾಗಿ ಸ್ವಲ್ಪ ಹಿಂದುಮುಂದಾದರೂ ನಡೆಯುತ್ತದೆ. ಮೀರಿದರೆ ಫೋನು ಕಾರಣ 21ರ (ಕ್ರಮಸಂಖ್ಯೆ ಹೊಂದುತ್ತಿಲ್ಲ) ಜೊತೆ ಆಟ್ಸ್ ಎಂಬ, ಸಿಮ್ಮಿನ ಎಣಿಕೆ ಹೊತ್ತ 14 ಬೈಟಿನ ತುಂಡು ಕಳಿಸುತ್ತದೆ, ಎಚ್‌ಎಸ್‌ಎಸ್ ಅದನ್ನು ನೋಡಿ ತನ್ನ ಎಣಿಕೆ ತಿದ್ದಿಕೊಳ್ಳುತ್ತದೆ.

ಲ್ಯಾಬ್ ಬೆಂಚು:
ಕಾಲೇಜಿನಲ್ಲಿ ಓಪನ್5ಜಿಎಸ್ (ಮೊಬೈಲ್ ಕೋರ್‌ನ ಮುಕ್ತ ತಂತ್ರಾಂಶ) ಜೊತೆ ಬರೆಯಬಲ್ಲ ಸಿಮ್ ಇಟ್ಟುಕೊಂಡು ಕಲಿಯುವವರಿಗೆ ಒಂದು ಮಾತು. ಕಾರಣ 21 ಬಂದರೆ ಗಾಬರಿ ಬೇಡ, ಮರುಯತ್ನದಲ್ಲಿ ತಾನಾಗಿ ಸರಿಯಾಗುತ್ತದೆ. ಕಾರಣ 20 ಬಂದರೆ ಮುದ್ರೆ ತಪ್ಪಿದೆ ಎಂದರ್ಥ. ಹತ್ತರಲ್ಲಿ ಒಂಬತ್ತು ಸಲ ಓಪಿ (ಕಂಪನಿಯ ಗುಟ್ಟಿನ ಸಂಖ್ಯೆ) ಬೆಲೆಯನ್ನು ಓಪಿಸಿ (ಅದರಿಂದಲೂ ಸಿಮ್ಮಿನ ಕೀಲಿಯಿಂದಲೂ ಹುಟ್ಟಿದ ಸಂಖ್ಯೆ) ಜಾಗದಲ್ಲಿ ಬರೆದಿರುತ್ತಾರೆ. ಎರಡೂ 32 ಹೆಕ್ಸ್ ಅಂಕಿಗಳೇ ಆದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಕಾರಣ 26 ಬಂದರೆ ಎಎಂಎಫ್ (ಆಟನ್‌ನೊಳಗಿನ 16 ಬಿಟ್ ಭಾಗ) ಬೆಲೆ ನೋಡಿ: ಅದು 8000 ಇರಬೇಕು, 0000 ಇದ್ದರೆ ಫೋನು 4ಜಿ ಪರೀಕ್ಷೆಯನ್ನು ಒಪ್ಪುವುದಿಲ್ಲ. ಪರವಾನಗಿ ಇಲ್ಲದೆ ಆಂಟೆನಾದಿಂದ ಪ್ರಸಾರ ಮಾಡುವುದು ಅಪರಾಧ. ತರಂಗ ಹೊರಹೋಗದ ಶೀಲ್ಡ್ ಪೆಟ್ಟಿಗೆಯೊಳಗೆ ಫೋನಿಟ್ಟು ಪ್ರಯೋಗ ಮಾಡಿ.